ಗಡಿನಾಡ ಗಾಂಧಿ ಅಂದರೆ ನಮ್ಮ ಕಾಸರಗೋಡಿನವರು ಅಂದುಕೊಂಡಿದ್ದೆ

ಚಂದ್ರಗಿರಿ ತೀರ:

ನಗಬೇಡಿ ಮಾರಾಯ್ರೆ. ಏಳನೇ ಕ್ಲಾಸಿನವರೆಗೂ ನಾನು ಹಾಗೇ ನಂಬಿದ್ದೆ. ನಮ್ಮಲ್ಲಿ ಗಡಿನಾಡು ಅಂದರೆ ಕಾಸರಗೋಡು. ಗಡಿನಾಡ ಕನ್ನಡಿಗರು, ಗಡಿನಾಡ ಶಾಲೆ, ಗಡಿನಾಡ ಸಮಸ್ಯೆ ಅಂತ ದಿನ ಬೆಳಗಾದರೆ ಕೇಳುತ್ತಿದ್ದ ಮಾತು. ಹೀಗಿರುವಾಗ ಪಾಠದಲ್ಲಿ 'ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನ್' ಅಂತ ಒಂದು ಸಾಲು ಬಂದರೆ? ಮಂಜೇಶ್ವರದ ಕಡೆಯ ಯಾರೋ ಹಿರಿಯ ಸಾಹೇಬರು ಇರಬೇಕು ಅಂತ ಸುಮ್ಮನಾದೆ.

ಮೊನ್ನೆ ಮಗಳಿಗೆ ಕ್ವಿಜ್ ತಯಾರಿ ಮಾಡಿಸುತ್ತಿದ್ದೆ. 'ಭಾರತದ ಪ್ರಜೆ ಅಲ್ಲದಿದ್ದರೂ ಭಾರತ ರತ್ನ ಪಡೆದ ಮೊದಲ ವ್ಯಕ್ತಿ ಯಾರು?' ಉತ್ತರ ಅವರೇ, 1987. ಮಗಳು ಕೇಳಿದಳು: "ಪಾಕಿಸ್ತಾನದವರಿಗೆ ನಾವು ಯಾಕೆ ಕೊಟ್ಟಿದ್ದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾಂಧೀಜಿಯ ಅನುಯಾಯಿ, ಎತ್ತರದ ಮನುಷ್ಯ, ಉದ್ದ ಮೂಗು. ನನಗೆ ಗೊತ್ತಿರುವುದು ಇಷ್ಟೇ. ಗೊತ್ತಿದ್ದವರು ಸ್ವಲ್ಪ ಹೇಳಿ. ಕ್ವಿಜ್ ಉತ್ತರ ಬೇಡ, ಕಥೆ ಬೇಕು.

ಹುಬ್ಬಳ್ಳಿ ಮೇಷ್ಟ್ರು:

ಚಂದ್ರಗಿರಿಯವರೆ, ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ತಪ್ಪೊಪ್ಪಿಕೊಂಡೇ ಶುರು ಮಾಡುತ್ತೇನೆ. ನಾನೂ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿದವನೇ. 'ಗಾಂಧೀಜಿಯ ಅನುಯಾಯಿ, ಕೆಂಪಂಗಿ ದಳದ ಸ್ಥಾಪಕ, ಎರಡು ಅಂಕ.'

ಅನುಯಾಯಿ ಅನ್ನುವುದು ಅರ್ಧ ಸತ್ಯ. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಮರಳಿದ್ದು 1915ರಲ್ಲಿ. ಈ ಮನುಷ್ಯ ತಮ್ಮೂರು ಉತ್ಮಾನ್‌ಜಯಿಯಲ್ಲಿ ಶಾಲೆ ತೆರೆದದ್ದು 1910ರಲ್ಲಿ. ಆಗ ಅವರಿಗೆ ಇಪ್ಪತ್ತು ವರ್ಷ. ಊರು ಆಗಿನ ವಾಯವ್ಯ ಗಡಿ ಪ್ರಾಂತ್ಯದ (ಈಗ ಪಾಕಿಸ್ತಾನ) ಪೇಶಾವರದ ಹತ್ತಿರ, ಚಾರ್ಸದ್ದಾ ಕಡೆ. ತಂದೆ ಬಹರಾಮ್ ಖಾನ್ ಜಮೀನುದಾರರು. ಅಣ್ಣ ಡಾ. ಖಾನ್ ಸಾಹೇಬ್ ಲಂಡನ್‌ಗೆ ಹೋಗಿ ಡಾಕ್ಟರಿ ಓದಿದರು, ಇಂಗ್ಲಿಷ್ ಹೆಂಗಸನ್ನೇ ಮದುವೆಯಾದರು. ಇವರೂ ವಿಲಾಯತಿಗೆ ಹೊರಟಾಗ ತಾಯಿ ಬಿಡಲಿಲ್ಲ. ಒಬ್ಬ ಮಗ ಹೋದದ್ದು ಸಾಕು ಅನ್ನಿಸಿರಬೇಕು ಪಾಪ.

ಅದಕ್ಕೂ ಮೊದಲು ಸೈನ್ಯದಲ್ಲಿ ಅಧಿಕಾರಿಯಾಗುವ ಅವಕಾಶ ಬಂದಿತ್ತು. ಪಠಾಣರ ಮನೆಯಲ್ಲಿ ಅದು ದೊಡ್ಡ ಮರ್ಯಾದೆ. ಆದರೆ ಒಬ್ಬ ಪಠಾಣ ಅಧಿಕಾರಿಯನ್ನು ಇಂಗ್ಲಿಷರವನೊಬ್ಬ ಅವಮಾನ ಮಾಡಿದ್ದನ್ನು ಕಣ್ಣಾರೆ ಕಂಡರು. ಬೇಡ ಅಂತ ಬಿಟ್ಟುಬಿಟ್ಟರು.

ಈಗ ಆ ನಾಡಿನ ಸ್ಥಿತಿ ನೋಡಿ. ಪಠಾಣರಲ್ಲಿ 'ಬದಲ್' ಅಂತ ಒಂದು ಕಟ್ಟುಪಾಡು. ಬದಲ್ ಅಂದರೆ ಸೇಡು. ನಿನ್ನ ಅಜ್ಜ ನನ್ನ ಅಜ್ಜನನ್ನು ಕೊಂದಿದ್ದರೆ, ನಾನು ನಿನ್ನನ್ನೋ ನಿನ್ನ ಮಗನನ್ನೋ ಕೊಂದೇ ತೀರಬೇಕು. ಇಲ್ಲದಿದ್ದರೆ ಊರಲ್ಲಿ ತಲೆ ಎತ್ತುವಂತಿಲ್ಲ. ಮನೆಮನೆಯಲ್ಲಿ ಬಂದೂಕು. ಬ್ರಿಟಿಷರಿಗೆ ಇದು ಅನುಕೂಲವೇ ಆಗಿತ್ತು. 'ಇವರು ಒರಟರು, ಇವರಿಗೆ ಬೇರೆಯೇ ಕಾನೂನು' ಅಂತ 1901ರಲ್ಲಿ ಗಡಿ ಅಪರಾಧ ಕಾಯ್ದೆ ತಂದರು. ಒಬ್ಬ ತಪ್ಪು ಮಾಡಿದರೆ ಇಡೀ ಬುಡಕಟ್ಟಿಗೆ ಶಿಕ್ಷೆ ಕೊಡಬಹುದಿತ್ತು. ಉಳಿದ ಪ್ರಾಂತ್ಯಗಳಿಗೆ ಸಿಕ್ಕ ಶಾಸನ ಸಭೆ ಇವರಿಗೆ ಸಿಕ್ಕಿದ್ದು 1932ರಲ್ಲಿ.

ಹಾಗಾಗಿ ಗಫಾರ್ ಖಾನರ ಅಹಿಂಸೆ ಮೊದಲು ಇಂಗ್ಲಿಷರ ಕಡೆ ತಿರುಗಿದ್ದಲ್ಲ, ತಮ್ಮ ಜನರ ಕಡೆಗೇ ತಿರುಗಿದ್ದು. ಶಾಲೆ ಕಟ್ಟುವುದು, ಸೇಡು ಬಿಡಿಸುವುದು, ಹೆಣ್ಣುಮಕ್ಕಳಿಗೆ ಓದು ಬರಹ ಕಲಿಸುವುದು. 1928ರಲ್ಲಿ 'ಪಖ್ತೂನ್', ಅಂದರೆ ಪಠಾಣ, ಅನ್ನುವ ಪತ್ರಿಕೆ ತಂದರು. ಅವರದೇ ಭಾಷೆ ಪಶ್ತೋದಲ್ಲಿ. 1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಸಂಘ, ಅಂದರೆ ದೇವರ ಸೇವಕರು. ಕೆಂಪಂಗಿ ದಳ ಅಂದೆನಲ್ಲ, ಅದೇ ಇದು. ಸೇರುವವರು ಪ್ರಮಾಣ ಮಾಡಬೇಕು. ದೇವರಿಗೆ ನಮ್ಮ ಸೇವೆ ಬೇಕಾಗಿಲ್ಲ, ಅವನ ಜನರಿಗೆ ಸೇವೆ ಮಾಡುತ್ತೇನೆ. ಹೊಡೆಯುವುದಿಲ್ಲ, ಸೇಡು ತೀರಿಸಿಕೊಳ್ಳುವುದಿಲ್ಲ. ದಿನಕ್ಕೆ ಎರಡು ಗಂಟೆ ಊರ ಕೆಲಸ ಮಾಡುತ್ತೇನೆ.

ಆ 'ಸೇಡು' ಅನ್ನುವ ಪದವನ್ನು ಗಮನಿಸಿ. ಪಠಾಣನೊಬ್ಬ ಅದನ್ನು ಬಿಡುತ್ತೇನೆ ಅನ್ನುವುದು ಅಂದರೆ, ನಮ್ಮ ಕಡೆ ಒಬ್ಬ ತನ್ನ ಜಾತಿಯನ್ನೇ ಬಿಟ್ಟೆ ಅಂದ ಹಾಗೆ. ಅಷ್ಟು ಕಷ್ಟ.

ಎಳ್ನೀರು:

ಮೇಷ್ಟ್ರೆ, ಕೆಂಪು ಅಂಗಿ ಯಾಕೆ? ಕಮ್ಯುನಿಸ್ಟರಾ?

ಹುಬ್ಬಳ್ಳಿ ಮೇಷ್ಟ್ರು:

ಅಲ್ಲ. ಬಿಳಿ ಖಾದಿ ಬೇಗ ಕೊಳೆಯಾಗುತ್ತಿತ್ತು, ಅಷ್ಟೇ! ಚರ್ಮ ಹದ ಮಾಡುವ ಬಣ್ಣದಲ್ಲಿ ಅದ್ದಿದರು, ಇಟ್ಟಿಗೆ ಕೆಂಪು ಬಂತು. ಅಗ್ಗ, ಕೊಳೆ ಕಾಣುವುದಿಲ್ಲ. ಜನ 'ಸುರ್ಖ್‌ಪೋಶ್' ಅಂದರು, ಕೆಂಪು ತೊಟ್ಟವರು ಅಂತ. ಬ್ರಿಟಿಷ್ ಅಧಿಕಾರಿಗಳೂ ನಿಮ್ಮ ಹಾಗೇ ರಷ್ಯಾದ ಕೈವಾಡ ಅಂತ ಪ್ರಚಾರ ಮಾಡಿದರು.

ಇನ್ನೊಂದು ವಿಷಯ. ನಮ್ಮ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರಲ್ಲ, ಅದೂ ಇದೇ ಬಗೆಯ ಶಿಸ್ತಿನ ಪಡೆ. ಕವಾಯತು ಉಂಟು, ಆಯುಧ ಇಲ್ಲ. 1931ರಲ್ಲಿ ಎರಡೂ ಕಾಂಗ್ರೆಸ್ಸಿನ ಸ್ವಯಂಸೇವಕ ವ್ಯವಸ್ಥೆಯೊಳಗೆ ಬಂದವು. ಹುಬ್ಬಳ್ಳಿಗೂ ಪೇಶಾವರಕ್ಕೂ ಒಂದು ಎಳೆ ಇದ್ದೇ ಇದೆ ನೋಡಿ.

ಖಡಕ್ ರೊಟ್ಟಿ:

ಓದಲಿಕ್ಕೆ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆ ನೇರ. ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಬ್ರಿಟಿಷರು ಜೈಲಿಗೆ ಹಾಕಿದರು, ಪಾಕಿಸ್ತಾನ ಜೈಲಿಗೆ ಹಾಕಿತು, ಕಾಂಗ್ರೆಸ್ ಕೈಬಿಟ್ಟಿತು. ಆ ನಾಡಿನಲ್ಲಿ ಈಗಲೂ ಬಂದೂಕೇ ಮಾತಾಡುತ್ತದೆ. ಒಳ್ಳೆಯವರು, ಒಪ್ಪುತ್ತೇನೆ. ಗೆದ್ದರಾ?

ಹುಬ್ಬಳ್ಳಿ ಮೇಷ್ಟ್ರು:

ರೊಟ್ಟಿಯವರೆ, ಗೆಲುವಿನ ಮಾತಿಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ದಿನದ ಕಥೆ ಹೇಳಬೇಕು.

1930ರ ಏಪ್ರಿಲ್. ದೇಶದ ತುಂಬ ಉಪ್ಪಿನ ಸತ್ಯಾಗ್ರಹ. ಇಲ್ಲಿ ಅಂಕೋಲಾದಲ್ಲಿ ನಮ್ಮವರು ಉಪ್ಪು ಮಾಡುತ್ತಿದ್ದ ಅದೇ ತಿಂಗಳು. ಏಪ್ರಿಲ್ 23ರಂದು ಗಫಾರ್ ಖಾನರನ್ನು ಹಿಡಿದರು, ಪೇಶಾವರದ ಮುಖಂಡರನ್ನೂ ಹಿಡಿದರು. ಜನ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಸೇರಿದರು. ಕಥೆ ಹೇಳುವವರ ಪೇಟೆ ಅಂತ ಆ ಹೆಸರಿನ ಅರ್ಥ. ಮಧ್ಯ ಏಷ್ಯಾದ ವ್ಯಾಪಾರಿಗಳು ಚಹಾ ಕುಡಿಯುತ್ತ ಕಥೆ ಕೇಳುತ್ತಿದ್ದ ಬೀದಿ. ಅಲ್ಲಿಗೆ ಕವಚದ ಕಾರುಗಳು ನುಗ್ಗಿದವು. ಗುಂಡಿನ ಸುರಿಮಳೆ. ಸರ್ಕಾರದ ಲೆಕ್ಕದಲ್ಲಿ ಸತ್ತವರು ಮೂವತ್ತರ ಆಸುಪಾಸು, ಜನರ ಲೆಕ್ಕದಲ್ಲಿ ನೂರಾರು. ಮನೆಯಲ್ಲಿ ಬಂದೂಕು ಇದ್ದ ಜನ ಅವರು. ಬರಿಗೈಯಲ್ಲಿ ಬಂದರು, ಬರಿಗೈಯಲ್ಲೇ ನಿಂತರು.

ಅದೇ ಹೊತ್ತಿಗೆ ಇನ್ನೊಂದು ನಡೆಯಿತು. ಗಢ್ವಾಲ್ ರೈಫಲ್ಸ್ ತುಕಡಿಯನ್ನು ಅಲ್ಲಿಗೆ ಕರೆಸಿದ್ದರು. ಹಿಂದೂ ಸಿಪಾಯಿಗಳು, ಎದುರಿಗೆ ಮುಸಲ್ಮಾನ ಜನ. ಗುಂಡು ಹಾರಿಸಲು ಕಷ್ಟವಾಗದು ಅನ್ನುವುದು ಲೆಕ್ಕ. ಚಂದ್ರ ಸಿಂಗ್ ಗಢ್ವಾಲಿ ಮತ್ತು ಅವರ ಜೊತೆಗಾರರು ನಿರಾಯುಧರ ಮೇಲೆ ಹಾರಿಸುವುದಿಲ್ಲ ಅಂದುಬಿಟ್ಟರು. ಸೈನ್ಯದ ವಿಚಾರಣೆ ನಡೆದು ಚಂದ್ರ ಸಿಂಗ್‌ಗೆ ಜೀವಾವಧಿ ಶಿಕ್ಷೆ ಆಯಿತು. ಹೊರಗೆ ಬಂದದ್ದು 1941ರಲ್ಲಿ.

ಎದುರಿನವನ ಕೈಯಲ್ಲಿ ಕಲ್ಲು ಇದ್ದಿದ್ದರೆ ಆ ಸಿಪಾಯಿಗಳು ಬಂದೂಕು ಇಳಿಸುತ್ತಿದ್ದರಾ? ನನಗೇನೋ ಅನುಮಾನ. ಗೆಲುವು ಅಂದರೆ ಏನು ಅಂತ ನೀವು ಕೇಳಿದ್ದಕ್ಕೆ ನನ್ನ ಮೊದಲ ಉತ್ತರ ಇದು.

ದೇರಾ ದುಬೈ ಕನ್ನಡಿಗ:

ಈ ವಿಷಯ ಬಂದಿದ್ದು ಖುಷಿ. ನಾನು ದುಬೈನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಮ್ಮ ಸೈಟಿನ ಬಸ್ ಓಡಿಸುವ ಚಾಚಾ ಚಾರ್ಸದ್ದಾದವರು. ಬೆಳಗ್ಗೆ ಐದಕ್ಕೆ ಬಸ್ ಹತ್ತಿದರೆ ಮುಕ್ಕಾಲು ಗಂಟೆ ದಾರಿ. ನಾನು ಮುಂದಿನ ಸೀಟು. ಹಿಂದಿ ಉರ್ದು ಕಲಬೆರಕೆಯಲ್ಲಿ ನಮ್ಮ ಮಾತು.

ಒಂದು ದಿನ ಮಾತಿಗೆ ಮಾತು ಬಂದು ನಾನು 'ಫ್ರಾಂಟಿಯರ್ ಗಾಂಧಿ' ಅಂದೆ. ಚಾಚಾ ಅರ್ಧ ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದರು: "ನೀವು ನಿಮ್ಮ ಗಾಂಧೀಜಿಯನ್ನು ಹಿಂದುಸ್ತಾನದ ಬಾಚಾ ಖಾನ್ ಅಂತ ಕರೆಯುತ್ತೀರಾ?" ನನಗೆ ನಾಲಿಗೆ ಏಳಲಿಲ್ಲ. ಅವರ ಕಡೆ ಬಾಚಾ ಖಾನ್ ಅಂದರೇನೇ ಸಾಕು. ಬಾಚಾ ಅಂದರೆ ಬಾದಶಾ. ನಮ್ಮಲ್ಲಿ ಬಾದಶಾ ಖಾನ್ ಅನ್ನುತ್ತೇವಲ್ಲ, ಅದೇ.

ಚಾಚಾನ ತಾತ ಕೆಂಪಂಗಿಯವರಂತೆ. ಅವರ ಮನೆಯಲ್ಲಿ ಜಾಸ್ತಿ ಹೇಳುವುದು 1930ರ ಕಥೆ ಅಲ್ಲ, 1948ರದ್ದು. ಆಗಸ್ಟ್ 12, ಬಾಬ್ರಾ ಅನ್ನುವ ಜಾಗ, ಚಾರ್ಸದ್ದಾ ಪಕ್ಕ. ಪಾಕಿಸ್ತಾನ ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ. ಬಂಧನಗಳನ್ನು ವಿರೋಧಿಸಿ ನಡೆದ ಮೆರವಣಿಗೆಯ ಮೇಲೆ ಅಲ್ಲಿನ ಸರ್ಕಾರವೇ ಗುಂಡು ಹಾರಿಸಿತು. ಅಧಿಕೃತ ಲೆಕ್ಕ ಹದಿನೈದರ ಆಸುಪಾಸು, ಕೆಂಪಂಗಿಯವರು ಹೇಳುವುದು ಆರುನೂರು. ಆಗ ಆ ಪ್ರಾಂತ್ಯದ ಮುಖ್ಯಮಂತ್ರಿ ಅಬ್ದುಲ್ ಖಯ್ಯೂಮ್ ಖಾನ್. ಕೆಲವೇ ವರ್ಷ ಹಿಂದೆ ಕಾಂಗ್ರೆಸ್ಸಿನಲ್ಲೇ ಇದ್ದವರು!

"ಅಂಗ್ರೇಜ್ ಹೊಡೆದಿದ್ದನ್ನು ಮರೆಯಬಹುದು, ನಮ್ಮವರು ಹೊಡೆದಿದ್ದು ಮರೆಯುವುದಿಲ್ಲ" ಅಂದರು ಚಾಚಾ. ಆಮೇಲೆ ಎಫ್‌ಎಂ ಹಾಕಿದರು. ಅವತ್ತು ಮತ್ತೆ ಮಾತಾಡಲಿಲ್ಲ.

ಚಂದ್ರಗಿರಿ ತೀರ:

ಚಾಚಾ ಕೇಳಿದ ಪ್ರಶ್ನೆ ಚುಚ್ಚಿತು. ನಾವು ಎಲ್ಲದಕ್ಕೂ ಹೀಗೇ ಮಾಡುತ್ತೇವೆ ಅಲ್ವಾ? ಹರ್ಡೇಕರ ಮಂಜಪ್ಪ 'ಕರ್ನಾಟಕದ ಗಾಂಧಿ'. ವಿದುರಾಶ್ವತ್ಥ 'ಕರ್ನಾಟಕದ ಜಲಿಯನ್‌ವಾಲಾ ಬಾಗ್'. ಮರ್ಯಾದೆ ಕೊಟ್ಟ ಹಾಗೂ ಆಯಿತು, ಓದುವ ಕೆಲಸ ತಪ್ಪಿದ ಹಾಗೂ ಆಯಿತು.

ಖಡಕ್ ರೊಟ್ಟಿ:

ಹೆಸರಿನ ಚರ್ಚೆ ಬೇರೆ. ನನ್ನ ಪ್ರಶ್ನೆ ಹಾಗೇ ಇದೆ. 1947ರಲ್ಲಿ ಭಾರತವೋ ಪಾಕಿಸ್ತಾನವೋ ಅಂತ ಜನಮತ ನಡೆದಾಗ ಇವರು ಬಹಿಷ್ಕಾರ ಹಾಕಿ ಮನೆಯಲ್ಲಿ ಕೂತರು. ಸಿಟ್ಟಿನಲ್ಲಿ ಆಟ ಬಿಟ್ಟು ಎದ್ದು ಹೋದ ಹಾಗೆ. ಆಮೇಲೆ ಸೋತೆವು ಅಂದರೆ?

ಹುಬ್ಬಳ್ಳಿ ಮೇಷ್ಟ್ರು:

ಇದು ಒಳ್ಳೆಯ ಪ್ರಶ್ನೆ. ನನಗೂ ಈ ವಿಷಯದಲ್ಲಿ ಎರಡು ಮನಸ್ಸು.

ಅಂಕಿ ನೋಡಿ. 1946ರ ಚುನಾವಣೆಯಲ್ಲಿ ಆ ಪ್ರಾಂತ್ಯದ 50 ಸ್ಥಾನಗಳಲ್ಲಿ 30 ಕಾಂಗ್ರೆಸ್ಸಿಗೆ, 17 ಮುಸ್ಲಿಂ ಲೀಗಿಗೆ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮುಸಲ್ಮಾನರಿದ್ದ ಪ್ರಾಂತ್ಯ ಅದು. ಅಣ್ಣ ಡಾ. ಖಾನ್ ಸಾಹೇಬರೇ ಮುಖ್ಯಮಂತ್ರಿ. ಒಂದೇ ವರ್ಷದಲ್ಲಿ ಎಲ್ಲ ಉಲ್ಟಾ. ಕಲ್ಕತ್ತಾ, ನೌಖಾಲಿ, ಬಿಹಾರ ಹೊತ್ತಿ ಉರಿದವು. ಬಿಹಾರದಲ್ಲಿ ಸತ್ತವರು ಹೆಚ್ಚಾಗಿ ಮುಸಲ್ಮಾನರು. ಗಫಾರ್ ಖಾನರು ಗಾಂಧೀಜಿ ಜೊತೆ ಅಲ್ಲಿ ಊರೂರು ತಿರುಗಿದರು. ಆದರೆ ಗಡಿಯಲ್ಲಿ ಜನರ ಮನಸ್ಸು ತಿರುಗುತ್ತಿತ್ತು.

ಜೂನ್ 1947ರಲ್ಲಿ ಕಾಂಗ್ರೆಸ್ ವಿಭಜನೆ ಒಪ್ಪಿತು, ಗಡಿ ಪ್ರಾಂತ್ಯದಲ್ಲಿ ಜನಮತವನ್ನೂ ಒಪ್ಪಿತು. ಇವರನ್ನು ಸರಿಯಾಗಿ ಕೇಳಲೇ ಇಲ್ಲ. ನಮ್ಮನ್ನು ತೋಳಗಳ ಬಾಯಿಗೆ ಎಸೆದಿರಿ ಅಂದರು. ಆ ಮಾತು ಅವರ ಹೆಸರಿಗೇ ಅಂಟಿಕೊಂಡಿತು. ಜೂನ್ 21ಕ್ಕೆ ಬನ್ನೂನಲ್ಲಿ ಸೇರಿ, ಮತಪತ್ರದಲ್ಲಿ ಭಾರತ ಪಾಕಿಸ್ತಾನ ಎರಡೇ ಸಾಲದು, ಪಠಾಣರದೇ ನಾಡು ಅನ್ನುವ ಮೂರನೇ ಆಯ್ಕೆಯೂ ಬೇಕು ಅಂದರು. ಸಿಗಲಿಲ್ಲ. ಬಹಿಷ್ಕಾರ ಹಾಕಿದರು. ಒಟ್ಟು ಮತದಾರರು 5,72,798. ಪಾಕಿಸ್ತಾನಕ್ಕೆ 2,89,244, ಭಾರತಕ್ಕೆ 2,874. ಅಂದರೆ ಪಾಕಿಸ್ತಾನಕ್ಕೆ ಬಿದ್ದದ್ದು ಒಟ್ಟು ಮತದಾರರ ಅರ್ಧಕ್ಕಿಂತ ಕೂದಲೆಳೆ ಜಾಸ್ತಿ.

ಬಹಿಷ್ಕಾರ ಹಾಕದೆ ನಿಂತಿದ್ದರೆ? ನಡುವೆ ಇಡೀ ಪಂಜಾಬ್ ಇತ್ತು. ಭಾರತಕ್ಕೆ ಸೇರಿದರೂ ದಾರಿ ಯಾವುದು? ಹಾಕಿದ್ದು ತಪ್ಪು ಅನ್ನುವವರ ವಾದವೂ ನನಗೆ ಅರ್ಥವಾಗುತ್ತದೆ. ಸ್ಪರ್ಧಿಸಿ ಸೋತಿದ್ದರೆ ಕನಿಷ್ಠ ಒಂದು ಎದುರು ಲೆಕ್ಕ ದಾಖಲಾಗುತ್ತಿತ್ತು. ಆದರೆ 'ಆಟ ಬಿಟ್ಟು ಹೋದರು' ಅನ್ನಬೇಡಿ. ಆಟದ ನಿಯಮ ಬರೆದವರು ಬೇರೆ, ನಿಯಮಕ್ಕೆ ತಲೆಯಾಡಿಸಿದವರು ಅವರದೇ ಗೆಳೆಯರು.

ಅಲ್ಲಿಗೂ ಹಠ ಹಿಡಿಯಲಿಲ್ಲ. ಫೆಬ್ರವರಿ 1948ರಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ನಿಷ್ಠೆಯ ಪ್ರಮಾಣ ಮಾಡಿದರು. ಜೂನ್‌ನಲ್ಲಿ ಜೈಲು. 1954ರವರೆಗೆ ಅಲ್ಲೇ. ಆಮೇಲೆ ಮತ್ತೆ ಮತ್ತೆ ಜೈಲು. ಒಟ್ಟು ಬದುಕಿನ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಕಂಬಿ ಹಿಂದೆ ಕಳೆಯಿತು. 1962ರಲ್ಲಿ ಮಾನವ ಹಕ್ಕುಗಳ ಆಮ್ನೆಸ್ಟಿ ಸಂಸ್ಥೆ ಅವರನ್ನು ವರ್ಷದ ಕೈದಿ ಅಂತ ಆರಿಸಿತು. ಆಗ ವಯಸ್ಸು ಎಪ್ಪತ್ತು ದಾಟಿತ್ತು.

ಎಳ್ನೀರು:

ಕಾಂಗ್ರೆಸ್ ಜೊತೆ ಮೊದಲಿನಿಂದ ಚೆನ್ನಾಗಿತ್ತಾ?

ಹುಬ್ಬಳ್ಳಿ ಮೇಷ್ಟ್ರು:

ಗಾಂಧೀಜಿ ಜೊತೆ ಚೆನ್ನಾಗಿತ್ತು, ಪಕ್ಷದ ಜೊತೆ ಅಷ್ಟಕ್ಕಷ್ಟೆ. ಮೂವತ್ತರ ದಶಕದಲ್ಲಿ ಅಧ್ಯಕ್ಷರಾಗಿ ಅಂದರೆ ಒಲ್ಲೆ ಅಂದರು. 1940ರಲ್ಲಿ ಷರತ್ತಿನ ಮೇಲೆ ಯುದ್ಧಕ್ಕೆ ಬೆಂಬಲ ಕೊಡುವ ಮಾತು ಬಂದಾಗ ಕಾರ್ಯಕಾರಿ ಸಮಿತಿಗೇ ರಾಜೀನಾಮೆ ಕೊಟ್ಟರು. ಉಳಿದವರಿಗೆ ಅಹಿಂಸೆ ಬ್ರಿಟಿಷರ ವಿರುದ್ಧದ ಒಂದು ದಾರಿ. ಇವರಿಗೆ ಅದು ನಮಾಜಿನಷ್ಟೇ ಮುಖ್ಯ. ತಾಳ್ಮೆ, ಅಂದರೆ 'ಸಬ್ರ್', ಪ್ರವಾದಿಯವರ ಆಯುಧ ಅಂತ ಹಳ್ಳಿಹಳ್ಳಿಯಲ್ಲಿ ಹೇಳುತ್ತಿದ್ದರು. ಗಾಂಧೀಜಿಯಿಂದ ಕಲಿತೆ ಅಂದಿದ್ದರೆ ಅಲ್ಲಿನ ಮುದುಕರು ಕೇಳುತ್ತಿರಲಿಲ್ಲ. ಕುರಾನಿನಲ್ಲೇ ಇದೆ, ನೀವು ಮರೆತಿದ್ದೀರಿ ಅಂದದ್ದಕ್ಕೆ ಕೇಳಿದರು.

ಹಾಗಂತ ಬೇರೆ ಧರ್ಮದ ಗ್ರಂಥ ಮುಟ್ಟದವರೂ ಅಲ್ಲ. ಗುಜರಾತ್ ಜೈಲಿನಲ್ಲಿ ಕೈದಿಗಳ ಜೊತೆ ಗೀತೆ, ಕುರಾನ್ ಎರಡನ್ನೂ ಓದುವ ತರಗತಿ ನಡೆಸಿದರು. ಇದು ಪಂಜಾಬಿನ ಗುಜರಾತ್ ಊರು, ರಾಜ್ಯ ಅಲ್ಲ. ಪರೀಕ್ಷೆಯಲ್ಲಿ ಮಕ್ಕಳು ತಪ್ಪದೇ ತಪ್ಪು ಮಾಡುವ ಜಾಗ.

ಕರೋಲ್‌ಬಾಗ್ ವಾಸಿ:

ದೆಹಲಿಯಿಂದ ನನ್ನದೂ ಒಂದು. ಇಲ್ಲಿ ಮೊಬೈಲ್ ರಿಪೇರಿ ಅಂದರೆ ಗಫಾರ್ ಮಾರ್ಕೆಟ್. ಒಡೆದ ಡಿಸ್‌ಪ್ಲೇ, ಡೂಪ್ಲಿಕೇಟ್ ಚಾರ್ಜರ್ ಎಲ್ಲ ಸಿಗುತ್ತದೆ. ಆ ಗಫಾರ್ ಇವರೇ. ದುಬಾರಿ ಕಾಫಿ ಕುಡಿಯುವ ಖಾನ್ ಮಾರ್ಕೆಟ್ ಇದೆಯಲ್ಲ, ಅದು ಅಣ್ಣ ಡಾ. ಖಾನ್ ಸಾಹೇಬರ ಹೆಸರು ಅಂತ ಇಲ್ಲಿನವರು ಹೇಳುತ್ತಾರೆ. ಎರಡೂ ಕಡೆ ಶುರುವಿಗೆ ಅಂಗಡಿ ಹಾಕಿದವರು ಆ ಕಡೆಯಿಂದ ಬಂದ ನಿರಾಶ್ರಿತರು. ಮನೆ ಮಠ ಬಿಟ್ಟು ಬಂದ ಹಿಂದೂ, ಸಿಖ್ಖರು ಮುಸಲ್ಮಾನ ಮುಖಂಡರ ಹೆಸರನ್ನು ಮಾರುಕಟ್ಟೆಗೆ ಇಟ್ಟುಕೊಂಡರು ಅಂದರೆ ಯೋಚನೆ ಮಾಡಿ. ಫರೀದಾಬಾದಿನಲ್ಲೂ ಬನ್ನೂ ಕಡೆಯವರು ಬಂದು ನೆಲೆಸಿದ ಕಾಲೊನಿಗಳಿವೆ. ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಬಾದಶಾ ಖಾನ್ ಹೆಸರೇ ಇತ್ತು. 2020ರಲ್ಲಿ ಬದಲಾಯಿಸಿದರು. ಹಳಬರು ಈಗಲೂ 'ಬಿಕೆ' ಅನ್ನುತ್ತಾರೆ.

1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ಅವರು ದೆಹಲಿಗೆ ಬಂದರು. ಇಪ್ಪತ್ತೆರಡು ವರ್ಷದ ನಂತರ. ವಿಮಾನ ನಿಲ್ದಾಣಕ್ಕೆ ಇಂದಿರಾ ಗಾಂಧಿ, ಜಯಪ್ರಕಾಶ್ ನಾರಾಯಣ್ ಬಂದಿದ್ದರು. ಇವರ ಸಾಮಾನು ಒಂದೇ ಬಟ್ಟೆ ಗಂಟು, ಬೇರೆಯವರ ಕೈಗೆ ಕೊಡಲಿಲ್ಲ. ಅದೇ ಹೊತ್ತಿಗೆ ಅಹಮದಾಬಾದಿನಲ್ಲಿ ಗಲಭೆ ನಡೆದಿತ್ತು. ಗಾಂಧೀಜಿಯ ನೂರನೇ ವರ್ಷ, ಗಾಂಧೀಜಿಯದೇ ಊರು! ಹಾರ ಹಾಕಿಸಿಕೊಳ್ಳಲು ಬಂದ ಅತಿಥಿ ಮೂರು ದಿನ ಉಪವಾಸ ಕೂತರು, ಆಮೇಲೆ ಗುಜರಾತಿಗೆ ಹೋದರು. ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಾತಾಡುವಾಗ ಹೊಗಳಿಕೆ ಜಾಸ್ತಿ ಇರಲಿಲ್ಲ. ಗಾಂಧಿಯನ್ನು ಮರೆತಿದ್ದೀರಿ ಅಂತ ನಮ್ಮವರ ಮುಖಕ್ಕೇ ಹೇಳಿದರು.

ಖಡಕ್ ರೊಟ್ಟಿ:

ಈ ಗಂಟಿನ ವಿಷಯ ನನಗೆ ಗೊತ್ತಿರಲಿಲ್ಲ. ಸರಿ, ಮನುಷ್ಯ ದೊಡ್ಡವರು. ಆದರೆ 2016 ನೆನಪಿಸುತ್ತೇನೆ. ಜನವರಿ 20, ಅವರ ಪುಣ್ಯತಿಥಿ. ಚಾರ್ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯಕ್ಕೆ ಉಗ್ರರು ನುಗ್ಗಿ ಇಪ್ಪತ್ತರ ಆಸುಪಾಸು ಜನರನ್ನು ಕೊಂದರು. ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ತಮ್ಮ ಪಿಸ್ತೂಲು ತೆಗೆದು ಗುಂಡು ಹಾರಿಸಿ ಹುಡುಗರಿಗೆ ಓಡಲು ಸಮಯ ಕೊಟ್ಟರು, ತಾವು ಸತ್ತರು. ಅಹಿಂಸೆಯ ಹೆಸರಿಟ್ಟ ಕಾಲೇಜಿನಲ್ಲಿ ಮಕ್ಕಳನ್ನು ಉಳಿಸಿದ್ದು ಪಿಸ್ತೂಲು. ಇದಕ್ಕೇನು ಹೇಳುತ್ತೀರಿ?

ಹುಬ್ಬಳ್ಳಿ ಮೇಷ್ಟ್ರು:

ಹೇಳಲಿಕ್ಕೆ ಏನೂ ಇಲ್ಲ. ಆ ಮೇಷ್ಟ್ರಿಗೆ ಕೈ ಮುಗಿಯುತ್ತೇನೆ.

ದೇರಾ ದುಬೈ ಕನ್ನಡಿಗ:

ಚಾಚಾನ ಹತ್ತಿರ ಇದನ್ನೇ ಕೇಳಿದ್ದೆ. ಅವರು ಹೇಳಿದ್ದು ಇಷ್ಟು. ನಮ್ಮ ಹಳ್ಳಿಯಲ್ಲಿ ಮೊದಲ ಶಾಲೆ ಅವರದು, ಸುಡಲು ಬಂದವರಿಗೂ ಅದು ಗೊತ್ತಿತ್ತು, ಅದಕ್ಕೇ ಆ ದಿನ ಆರಿಸಿಕೊಂಡರು.

ರೊಟ್ಟಿಯಣ್ಣ, ಅಲ್ಲಿ ಎಲ್ಲ ಮುಗಿದಿಲ್ಲ. 2018ರಿಂದ ಪಶ್ತೂನ್ ತಹಫ್ಫುಜ್ ಚಳವಳಿ (ಪಠಾಣರ ರಕ್ಷಣೆಯ ಚಳವಳಿ) ಅಂತ ಹುಡುಗರು ಸಾವಿರಾರು ಸಂಖ್ಯೆಯಲ್ಲಿ ಸೇರುತ್ತಿದ್ದರು. ಕೈಯಲ್ಲಿ ಬಂದೂಕಿಲ್ಲ, ಕಾಣೆಯಾದವರ ಫೋಟೊ ಇತ್ತು. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಬಂದೂಕಿಲ್ಲದವರನ್ನು ಕಂಡರೆ ಯಾಕಿಷ್ಟು ಭಯವೋ.

ಕರೋಲ್‌ಬಾಗ್ ವಾಸಿ:

ಸತ್ತಾಗಲೂ ವಿಚಿತ್ರವೇ. 1988ರ ಜನವರಿ 20, ಪೇಶಾವರ. ತೊಂಬತ್ತೆಂಟರ ಆಸುಪಾಸು ವಯಸ್ಸು. ನನ್ನನ್ನು ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ಹೂಳಿ ಅಂದಿದ್ದರು. ಅಲ್ಲಿ ಆಗ ಸೋವಿಯತ್ ಸೈನ್ಯ ಇತ್ತು, ಯುದ್ಧ ನಡೆಯುತ್ತಿತ್ತು. ಅಂತ್ಯಕ್ರಿಯೆಗೆ ಕದನ ನಿಲ್ಲಿಸಿದರು. ಸಾವಿರಾರು ಜನ ಖೈಬರ್ ಕಣಿವೆ ದಾಟಿ ಹೋದರು. ರಾಜೀವ್ ಗಾಂಧಿ ಪೇಶಾವರಕ್ಕೆ ಹೋಗಿ ನಮಸ್ಕಾರ ಮಾಡಿ ಬಂದರು. ಅಷ್ಟಾದರೂ ಜಲಾಲಾಬಾದಿನಲ್ಲಿ ಬಾಂಬ್ ಸಿಡಿದು ಜನ ಸತ್ತರು. ಕೊನೇ ದಿನವೂ ಬಿಡಲಿಲ್ಲ ನೋಡಿ.

ಪಾಕಿಸ್ತಾನದಲ್ಲಿ ಕೆಲವರಿಗೆ ಇದೇ ಸಿಟ್ಟು. ಬದುಕಿದ್ದು ಇಲ್ಲಿ, ಮಣ್ಣಾಗಿದ್ದು ಅಲ್ಲಿ ಅಂತ. ಬಾಚಾ ಖಾನರಿಗೆ ಮಾತ್ರ ಎರಡೂ ಕಡೆ ಇದ್ದದ್ದು ಪಠಾಣರೇ. ಗಡಿಗೆರೆ ಎಳೆದದ್ದು 1893ರಲ್ಲಿ ಡ್ಯುರಾಂಡ್ ಅನ್ನುವ ಇಂಗ್ಲಿಷರವನು.

ಚಂದ್ರಗಿರಿ ತೀರ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಕಿಸ್ಸಾ ಖ್ವಾನಿ ಹೇಳುವಾಗ ಬಾಯಿ ಬಿಟ್ಟು ಕೇಳಿದಳು. ಜನಮತದ ಅಂಕಿ ಬಂದಾಗ ಆಕಳಿಸಿದಳು. ಗಂಟಿನ ಕಥೆಗೆ ಮತ್ತೆ ಎದ್ದು ಕೂತಳು.

ಆ ಪ್ರಾಂತ್ಯದ ಹೆಸರು 2010ರಲ್ಲಿ ಖೈಬರ್ ಪಖ್ತೂನ್‌ಖ್ವಾ ಅಂತಾಯಿತು ಅಂತ ಈಗಷ್ಟೇ ಓದಿದೆ. ವಾಯವ್ಯ ಗಡಿ ಪ್ರಾಂತ್ಯ ಅನ್ನುವ ಹೆಸರು ಹೋಯಿತು. ಅದಕ್ಕೆ ಮಗಳು ಕೇಳಿದ ಪ್ರಶ್ನೆ: "ವಾಯವ್ಯ ಅಂದರೆ ಯಾರಿಗೆ ವಾಯವ್ಯ? ಅವರಿಗೆ ಅದು ನಡುಮನೆ ಅಲ್ವಾ?"

ನನಗೆ ತಟ್ಟನೆ ಅಜ್ಜಿ ನೆನಪಾದರು. ಕುಂಬಳೆಯಲ್ಲಿ ಹುಟ್ಟಿ ಕುಂಬಳೆಯಲ್ಲೇ ತೀರಿಕೊಂಡವರು. ಗಡಿನಾಡು ಅನ್ನುವ ಮಾತು ಅವರ ಬಾಯಲ್ಲಿ ಒಂದು ಸಲವೂ ಬಂದದ್ದಿಲ್ಲ. ಅವರಿಗೆ ಅದು ಊರು. ಬೆಂಗಳೂರೇ ದೂರ.

ಅಂದ ಹಾಗೆ ಕ್ವಿಜ್ ಆಯಿತು. ಆ ಪ್ರಶ್ನೆ ಬಂದಿತ್ತು. ಮಗಳು 'ಬಾಚಾ ಖಾನ್' ಅಂದಳಂತೆ. ಅವರ ಹಾಳೆಯಲ್ಲಿ ಇದ್ದದ್ದು ಇನ್ನೊಂದು ಹೆಸರು, ಮೊದಲು ತಪ್ಪು ಅಂದರಂತೆ. ಇವಳು ಬಿಡಬೇಕಲ್ಲ. ಐದು ನಿಮಿಷ ವಾದ ಮಾಡಿ ಅಂಕ ತಂದಿದ್ದಾಳೆ.

ದೇರಾ ದುಬೈ ಕನ್ನಡಿಗ:

ನಾಳೆ ಬೆಳಗ್ಗೆ ಐದಕ್ಕೆ ಚಾಚಾಗೆ ಇದನ್ನು ಹೇಳುತ್ತೇನೆ.